ಹಾಯಿದೋಣಿ ಕೊಳ್ಳುವ ಮುಂಚೆ ನೀರಿನ ಕೆಳಗೆ ಬಗ್ಗಿ ನೋಡಿ: ಭಾರದ್ದೋ, ಹಗುರದ್ದೋ, ಜೋಡಿ ಒಡಲಿನದ್ದೋ?

ನಮ್ಮ ಭಾವನವರದ್ದು ದಾವಣಗೆರೆಯಲ್ಲಿ ಹತ್ತಿ ವ್ಯಾಪಾರ. ಸಮುದ್ರಕ್ಕೂ ಅವರಿಗೂ ಇದ್ದ ಸಂಬಂಧ ಅಂದರೆ ಅಡುಗೆಮನೆಯ ಉಪ್ಪಿನ ಪಾಕೀಟು ಮಾತ್ರ. ಹೋದ ಡಿಸೆಂಬರ್‌ನಲ್ಲಿ ಗೋವಾಕ್ಕೆ ಹೋದವರು ಮಾಂಡವಿ ನದಿಯಲ್ಲಿ ಯಾರದೋ ಹಾಯಿದೋಣಿ ಹತ್ತಿ ಎರಡು ತಾಸು ಸುತ್ತಿ ಬಂದರು. ಅಷ್ಟಕ್ಕೇ ಮನುಷ್ಯ ಕೈತಪ್ಪಿ ಹೋದರು. ಈಗ ಇಬ್ಬರು ಸ್ನೇಹಿತರ ಜೊತೆ ಪಾಲು ಹಾಕಿ ಸೆಕೆಂಡ್ ಹ್ಯಾಂಡ್ ಕ್ರೂಸಿಂಗ್ ಬೋಟು ಒಂದನ್ನು ತಗೊಳ್ಳಲು ಹೊರಟಿದ್ದಾರೆ. ಕ್ರೂಸಿಂಗ್ ಬೋಟು ಅಂದರೆ ರೇಸಿನದ್ದಲ್ಲ, ಒಳಗೇ ಅಡುಗೆ ಮಾಡಿಕೊಂಡು, ಮಲಗಿ ಎದ್ದು, ದಿನಗಟ್ಟಲೆ ಹಾಯಿ ಬಿಚ್ಚಿಕೊಂಡು ಹೋಗುವಂಥದ್ದು.

ಮೂರು ಬೋಟು ನೋಡಿಕೊಂಡು ಬಂದು ನನ್ನ ಮುಂದೆ ಮೊಬೈಲ್ ಹಿಡಿದರು. ಎಂಬತ್ತು ಚಿಲ್ಲರೆ ಫೋಟೊ. ಸೋಫಾ, ಒಲೆ, ಫ್ರಿಜ್ಜು, ಬಾತ್‌ರೂಮು, ಮತ್ತೆ ಸೋಫಾ. ನೀರಿನ ಕೆಳಗಿನ ಭಾಗದ್ದು ಒಂದೇ ಒಂದು ಫೋಟೊ ಇಲ್ಲ. "ಭಾವ, ಎತ್ತು ನೋಡೋಕೆ ಹೋಗಿ ಕೊಟ್ಟಿಗೆ ಫೋಟೊ ತಂದಿದ್ದೀರಲ್ಲ" ಅಂದೆ. ಬೇಜಾರು ಮಾಡಿಕೊಂಡರು. ಆ ಬೇಜಾರು ಕಳೆಯಲು ಇದನ್ನು ಬರೆಯುತ್ತಿದ್ದೇನೆ. ನಾನೇನು ದೊಡ್ಡ ನಾವಿಕನಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಲ್ಲಿ ಒಂಬತ್ತು ವರ್ಷ ಮೇಂಟೆನೆನ್ಸ್ ಕೆಲಸ ಮಾಡಿದವನು. ಆಮೇಲೆ ಗೋವಾದಲ್ಲಿ ಮೂರು ಸೀಸನ್ ಬೇರೆಯವರ ಬೋಟುಗಳಲ್ಲಿ ಹಗ್ಗ ಎಳೆದು, ತಳ ಕೆರೆದು, ಬಣ್ಣ ಬಳಿದು ಕಲಿತದ್ದಷ್ಟೇ ನನ್ನ ಬಂಡವಾಳ.

ಮೊದಲು ಹರಿಹರಕ್ಕೆ ಬನ್ನಿ. ತುಂಗಭದ್ರೆಯಲ್ಲಿ ಹರಿಗೋಲು ನೋಡಿದ್ದೀರಲ್ಲ. ದುಂಡಗೆ, ಚಪ್ಪಟೆ ತಳ, ಹುಟ್ಟು ಹಾಕುವವನ ಕೈ ಸ್ವಲ್ಪ ತಪ್ಪಿದರೆ ಗರಗರ ತಿರುಗುತ್ತದೆ. ಅದಕ್ಕೊಂದು ಹಾಯಿ ಕಟ್ಟಿದಿರಿ ಅಂದುಕೊಳ್ಳಿ. ಗಾಳಿ ಎತ್ತ ಬೀಸುತ್ತದೋ ಅತ್ತಲೇ ಹೋಗುತ್ತದೆ, ಬೇರೆ ಯಾವ ಕಡೆಗೂ ಹೋಗಲ್ಲ. ಯಾಕೆಂದರೆ ಅದಕ್ಕೆ ನೀರಿನೊಳಗೆ ಹಿಡಿತವೇ ಇಲ್ಲ. ಹಾಯಿದೋಣಿಗೆ ಆ ಹಿಡಿತ ಕೊಡುವುದು ಕೀಲ್, ಅಂದರೆ ತಳದಿಂದ ಕೆಳಕ್ಕೆ ಇಳಿಬಿದ್ದ ರೆಕ್ಕೆ. ಒದ್ದೆ ಹುಣಸೆಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಚಂಗನೆ ಮುಂದಕ್ಕೆ ಹಾರುತ್ತದಲ್ಲ, ಹೆಚ್ಚುಕಡಿಮೆ ಹಾಗೇ. ಮೇಲಿಂದ ಗಾಳಿ ಒಂದು ಕಡೆ ತಳ್ಳುತ್ತದೆ, ಕೆಳಗೆ ಕೀಲಿನ ಮೇಲೆ ನೀರು ಇನ್ನೊಂದು ಕಡೆಯಿಂದ ತಡೆಯುತ್ತದೆ, ನಡುವೆ ಸಿಕ್ಕ ಬೋಟು ಮುಂದಕ್ಕೆ ಜಾರುತ್ತದೆ. ಜೋಗಿಮಟ್ಟಿಯ ಗಾಳಿಯಂತ್ರದ ರೆಕ್ಕೆಯನ್ನು ಗಾಳಿ ಎಳೆದು ತಿರುಗಿಸುವುದೂ ಹಾಯಿಯನ್ನು ಮುಂದಕ್ಕೆ ಎಳೆಯುವುದೂ ಒಂದೇ ವಿದ್ಯೆ. ಕೀಲ್ ಕೂಡ ಅಂಥದ್ದೇ ಒಂದು ರೆಕ್ಕೆ, ನೀರಿನಲ್ಲಿ ಕೆಲಸ ಮಾಡುತ್ತದೆ ಅಷ್ಟೇ ವ್ಯತ್ಯಾಸ.

ಇಷ್ಟು ಇದ್ದರೂ ಯಾವ ಹಾಯಿದೋಣಿಯೂ ನೇರ ಗಾಳಿಯ ಮುಖಕ್ಕೆ ಹೋಗಲಾರದು. ಗುಡ್ಡದ ರಸ್ತೆ ಏರುವ ಹಾಗೆ ಅಡ್ಡಡ್ಡ ಹೋಗಿ, ತಿರುಗಿ, ಮತ್ತೆ ಅಡ್ಡಡ್ಡ ಹೋಗಿ ಮೇಲೇರಬೇಕು. ಒಳ್ಳೆ ಬೋಟು ಗಾಳಿಗೆ ಸುಮಾರು 45 ಡಿಗ್ರಿಯಲ್ಲಿ ಏರುತ್ತದೆ. ಸುಮಾರಾದದ್ದಕ್ಕೆ 55 ಬೇಕು, ಅದರ ಜೊತೆ ಪಕ್ಕಕ್ಕೆ ಜಾರುವುದು ಬೇರೆ. ಹತ್ತು ಡಿಗ್ರಿ ಏನು ಮಹಾ ಅನ್ನಿಸಬಹುದು. ಇಡೀ ದಿನ ಎದುರುಗಾಳಿಯಲ್ಲಿ ಹೋಗಿ ಸಂಜೆ ಬೆಳಗಿನ ದೀಪಸ್ತಂಭವೇ ಮತ್ತೆ ಪಕ್ಕದಲ್ಲಿ ಕಂಡಾಗ ಅದೆಷ್ಟು ಮಹಾ ಅಂತ ಗೊತ್ತಾಗುತ್ತದೆ.

ಈಗ ಭಾವ ನೋಡಿದ ಮೂರು ಬೋಟಿನ ವಿಷಯಕ್ಕೆ ಬರೋಣ. ಹೆಸರು, ಮಾಲೀಕರು ಬೇಡ, ಜಾತಿ ಮಾತ್ರ ಹೇಳುತ್ತೇನೆ.

ಒಂದನೆಯದು ಅಜ್ಜಿ. 34 ಅಡಿ ಉದ್ದ, 11 ಅಡಿ ಅಗಲ, ತೂಕ 7,600 ಕಿಲೋ. ಕೀಲ್ ಮೂತಿಯ ಹತ್ತಿರದಿಂದ ಶುರುವಾಗಿ ಹಿಂದಿನವರೆಗೂ ಉದ್ದಕ್ಕೆ ಹೋಗುತ್ತದೆ, ಚುಕ್ಕಾಣಿ ಆ ಕೀಲಿನ ಬೆನ್ನಿಗೇ ಅಂಟಿಕೊಂಡಿದೆ. ಎರಡು ಹಾಯಿಕಂಬ. ಎರಡನೆಯದು ಹೊಸ ಹುಡುಗ. 36 ಅಡಿ ಉದ್ದ, 12 ಅಡಿ ಅಗಲ, 5,900 ಕಿಲೋ. ತಳ ಹೆಚ್ಚುಕಡಿಮೆ ಚಪ್ಪಟೆ, ನಡುವೆ ಮೀನಿನ ರೆಕ್ಕೆಯಂಥ ಕಿರಿದಾದ, ಆಳವಾದ ಫಿನ್ ಕೀಲ್. ಚುಕ್ಕಾಣಿ ಹಿಂದೆ ಒಂಟಿಯಾಗಿ ತೂಗಿಬಿದ್ದಿದೆ, ಅದಕ್ಕೆ ಸ್ಪೇಡ್ ಅನ್ನುತ್ತಾರೆ. ಮೂರನೆಯದು ಕ್ಯಾಟಮರಾನ್, ಎರಡು ಒಡಲಿನ ಮೇಲೆ ಸೇತುವೆ ಹಾಕಿ ಅದರ ಮೇಲೆ ಹಾಲ್ ಕಟ್ಟಿದ ಹಾಗೆ. 38 ಅಡಿ ಉದ್ದ, 21 ಅಡಿ ಅಗಲ. ಅಂದಹಾಗೆ ಕ್ಯಾಟಮರಾನ್ ಅನ್ನುವ ಮಾತೇ ತಮಿಳಿನ ಕಟ್ಟುಮರ. ಆದರೆ ನಮ್ಮ ಪೂರ್ವ ಕರಾವಳಿಯ ಕಟ್ಟುಮರ ಮರದ ದಿಮ್ಮಿ ಕಟ್ಟಿದ ತೆಪ್ಪ, ಅದಕ್ಕೂ ಈ ಬಂಗಲೆಗೂ ಹೆಸರು ಬಿಟ್ಟರೆ ನಂಟಿಲ್ಲ.

ವೇಗದಿಂದ ಶುರು ಮಾಡೋಣ, ಎಲ್ಲರೂ ಮೊದಲು ಕೇಳುವುದು ಅದನ್ನೇ. ಒಂಟಿ ಒಡಲಿನ ಭಾರದ ಬೋಟು ಎಷ್ಟು ಜೋರಾಗಿ ಹೋಗಬಹುದು ಅನ್ನುವುದನ್ನು ಮುಖ್ಯವಾಗಿ ನಿರ್ಧರಿಸುವುದು ನೀರಿಗೆ ತಾಗಿರುವ ಉದ್ದ. ಆ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲ ತೆಗೆದು, 1.34ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ಮಿತಿ ಸಿಗುತ್ತದೆ. ಬೋಟು ತಾನೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ತಾನೇ ಕೂತುಬಿಡುತ್ತದೆ, ಆ ಗುಂಡಿ ಹತ್ತಿ ಹೊರಬರಲು ಬಹಳ ಶಕ್ತಿ ಬೇಕು, ಅದಕ್ಕೇ ಈ ಮಿತಿ. ಅಜ್ಜಿಯ ನೀರಿನ ಉದ್ದ 27 ಅಡಿ, ಮಿತಿ ಸುಮಾರು 7 ನಾಟ್. ಹುಡುಗನದ್ದು 31 ಅಡಿ, ಸುಮಾರು 7.5 ನಾಟ್. ಅರ್ಧ ನಾಟ್ ವ್ಯತ್ಯಾಸ! 7 ನಾಟ್ ಅಂದರೆ ಗಂಟೆಗೆ 13 ಕಿಲೋಮೀಟರ್, ದಾವಣಗೆರೆಯಿಂದ ಹರಿಹರಕ್ಕೆ ಸೈಕಲ್ ತುಳಿಯುವ ಹುಡುಗ ನಿಮ್ಮನ್ನು ಹಿಂದೆ ಹಾಕಿ ಹೋಗುತ್ತಾನೆ. ಮಿತಿ ನೋಡಿ ಬೋಟು ಆರಿಸುವುದು ದಂಡ. ಕೇಳಬೇಕಾದ ಪ್ರಶ್ನೆ ಬೇರೆ: ಗಾಳಿ ಕಮ್ಮಿ ಇದ್ದಾಗ ಇದು ಕದಲುತ್ತದೋ ಇಲ್ಲವೋ?

ಅದಕ್ಕೆ ಎರಡು ಲೆಕ್ಕ ಇವೆ, ಕ್ಯಾಲ್ಕುಲೇಟರ್ ತಗೊಳ್ಳಿ. ಮೊದಲನೆಯದು ತೂಕ ಮತ್ತು ಉದ್ದದ ಅನುಪಾತ. ತೂಕವನ್ನು ಇಂಗ್ಲಿಷ್ ಟನ್ನಿಗೆ ಇಳಿಸಿ, ಒಂದು ಟನ್ ಅಂದರೆ 1,016 ಕಿಲೋ. ನೀರಿನ ಉದ್ದವನ್ನು ನೂರರಿಂದ ಭಾಗಿಸಿ ಘನ ಮಾಡಿ, ಅದರಿಂದ ತೂಕವನ್ನು ಭಾಗಿಸಿ. ಅಜ್ಜಿಗೆ 380 ಬರುತ್ತದೆ, ಹುಡುಗನಿಗೆ 195. 200ರ ಕೆಳಗೆ ಹಗುರ, 200ರಿಂದ 300 ಮಧ್ಯಮ, 300ರ ಮೇಲೆ ಭಾರ ಅಂತ ಅಂದಾಜು. ಎರಡನೆಯದು ಹಾಯಿಯ ವಿಸ್ತಾರಕ್ಕೂ ತೂಕಕ್ಕೂ ಇರುವ ಅನುಪಾತ, ಲಾರಿಗೆ ಎಷ್ಟು ಅಶ್ವಶಕ್ತಿಯ ಇಂಜಿನ್ ಅಂತ ಕೇಳಿದ ಹಾಗೆ. ಅಜ್ಜಿಗೆ 600 ಚದರ ಅಡಿ ಹಾಯಿ, ಹುಡುಗನಿಗೆ 620. ನೋಡಲು ಒಂದೇ. ಆದರೆ ತೂಕಕ್ಕೆ ಹೋಲಿಸಿದರೆ (ಸೂತ್ರ ಉದ್ದ, ಉತ್ತರ ಮಾತ್ರ ಹೇಳುತ್ತೇನೆ) ಅಜ್ಜಿಯದ್ದು 14.7, ಹುಡುಗನದ್ದು 17.9. 15ರ ಕೆಳಗಿದ್ದರೆ ಸೋಮಾರಿ, 16ರಿಂದ 18 ಸಾಧಾರಣ ಪ್ರವಾಸದ ಬೋಟು, 20 ದಾಟಿದರೆ ರೇಸಿನ ಕಡೆ ವಾಲಿದ್ದು.

ಈ ಅಂಕಿ ನಮ್ಮ ಕರಾವಳಿಯಲ್ಲಿ ಯಾಕೆ ಮುಖ್ಯ ಅಂದರೆ, ಇಲ್ಲಿ ಹಾಯಿ ಬಿಚ್ಚುವ ಕಾಲವೇ ಅಕ್ಟೋಬರ್‌ನಿಂದ ಮೇವರೆಗೆ. ಮಳೆಗಾಲದಲ್ಲಿ ಅರಬ್ಬಿ ಸಮುದ್ರಕ್ಕೆ ಸಣ್ಣ ಬೋಟು ಇಳಿಸುವ ಮಾತೇ ಇಲ್ಲ, ಕರ್ನಾಟಕದಲ್ಲಿ ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತದೆ. ಆ ಒಳ್ಳೆ ತಿಂಗಳುಗಳಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ತೆಳು ಗಾಳಿ, ಹತ್ತು ಗಂಟೆ ಹೊತ್ತಿಗೆ ಅದೂ ಸತ್ತುಹೋಗುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ ಎದ್ದು ಸಂಜೆವರೆಗೆ ಚೆನ್ನಾಗಿ ಬೀಸುತ್ತದೆ. ಅಂದರೆ ದಿನದ ಅರ್ಧ ಭಾಗ ಗಾಳಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅಂಥ ಹೊತ್ತಿನಲ್ಲಿ ಹುಡುಗ ಮೆಲ್ಲಗೆ ಮೂರು ನಾಟ್‌ನಲ್ಲಿ ಹೋಗುತ್ತಿರುತ್ತಾನೆ, ಅಜ್ಜಿ ಹಾಯಿ ಪಟಪಟ ಬಡಿದುಕೊಂಡು ಕೂತಿರುತ್ತಾಳೆ, ನೀವು ಡೀಸೆಲ್ ಇಂಜಿನ್ ಸ್ಟಾರ್ಟ್ ಮಾಡುತ್ತೀರಿ. ಹಾಯಿದೋಣಿ ತಗೊಂಡು ದಿನಾ ಇಂಜಿನ್‌ನಲ್ಲಿ ಓಡಾಡುವುದಾದರೆ ಮೀನುಗಾರರ ಬೋಟೇ ಸಾಕಿತ್ತು, ಅಲ್ವಾ?

ಹಾಗಾದರೆ ಅಜ್ಜಿಯನ್ನು ತಗೊಳ್ಳುವವರು ಮೂರ್ಖರಾ? ಖಂಡಿತ ಅಲ್ಲ. ಭಾವನ ಸ್ನೇಹಿತರಲ್ಲಿ ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಓದಿಕೊಂಡವರು. ಅವರ ವಾದ ಹೀಗೆ: 1968ರಲ್ಲಿ ಭೂಮಿ ಸುತ್ತುವ ಪೈಪೋಟಿಗೆ ಹೊರಟು 1969ರ ಏಪ್ರಿಲ್ 22ಕ್ಕೆ ವಾಪಸ್ ಬಂದ ರಾಬಿನ್ ನಾಕ್ಸ್-ಜಾನ್‌ಸ್ಟನ್ ಎಲ್ಲೂ ನಿಲ್ಲದೆ ಒಬ್ಬನೇ ಭೂಮಿ ಸುತ್ತಿದ ಮೊದಲಿಗ. ಆತನ ಸುಹೈಲಿ ಬೋಟು 32 ಅಡಿಯದ್ದು, ಎರಡು ಕಂಬದ್ದು, ಉದ್ದ ಕೀಲಿನದ್ದು, ಮೇಲಾಗಿ ನಮ್ಮ ಮುಂಬೈನಲ್ಲೇ ತೇಗದ ಮರದಲ್ಲಿ ಕಟ್ಟಿದ್ದು. ಆ ಪೈಪೋಟಿಯಲ್ಲಿ ಹೊರಟ ಒಂಬತ್ತು ಜನರಲ್ಲಿ ಮುಗಿಸಿದವನು ಅವನೊಬ್ಬನೇ. ಇನ್ನು ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ, ಹಾಗೇ ಒಬ್ಬರೇ ನಿಲ್ಲದೆ ಭೂಮಿ ಸುತ್ತುವ 2022ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಎರಡನೆಯವರಾಗಿ ಬಂದದ್ದೂ ರಸ್ಲರ್ 36 ಅನ್ನುವ ಉದ್ದ ಕೀಲಿನ ಬೋಟಿನಲ್ಲಿ. "ಇಷ್ಟು ಸಾಕ್ಷಿ ಸಾಲದಾ?" ಅಂದರು.

ಸಾಕ್ಷಿ ಸರಿ ಸಾರ್, ಕೇಸು ಬೇರೆ. ಆ ರೇಸಿನ ನಿಯಮವೇ ಅಂಥ ಬೋಟು ಬೇಕು ಅನ್ನುತ್ತದೆ: 32ರಿಂದ 36 ಅಡಿ, 1988ಕ್ಕಿಂತ ಹಿಂದಿನ ವಿನ್ಯಾಸ, ಉದ್ದ ಕೀಲ್, ಅದರ ಹಿಂಬದಿಗೆ ಅಂಟಿದ ಚುಕ್ಕಾಣಿ. ಮತ್ತೆ ಅವರು ಹೋಗುವುದು ದಕ್ಷಿಣ ಸಾಗರಕ್ಕೆ. ಅಲ್ಲಿ ಗಾಳಿಗೆ ಬರ ಇಲ್ಲ, ಮನೆಯಷ್ಟೆತ್ತರದ ಅಲೆ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತದೆ, ತಿಂಗಳುಗಟ್ಟಲೆ ನೆಲ ಕಾಣಲ್ಲ. ಅಂಥ ಕಡೆ ಭಾರವೇ ವರ. ನಮ್ಮ ಭಾವ ಹೋಗುವುದು ಪಣಜಿಯಿಂದ ಕಾರವಾರಕ್ಕೆ, ಸುಮಾರು 45 ನಾಟಿಕಲ್ ಮೈಲಿ. ಧೈರ್ಯ ಬಂದ ಮೇಲೆ ಮಂಗಳೂರು, ಕೊಚ್ಚಿ. ಎಂದೋ ಒಂದು ದಿನ ಪರ್ಮಿಟ್ ಮಾಡಿಸಿ ಲಕ್ಷದ್ವೀಪ.

ಆದರೂ ಅಜ್ಜಿಯ ಗುಣ ಹೇಳದೇ ಇದ್ದರೆ ಅನ್ಯಾಯ. ದಾರಿ ಹಿಡಿದರೆ ಬಿಡಲ್ಲ. ಗಾಡಿಜಾಡಿನಲ್ಲಿ ಇಳಿದ ಎತ್ತಿನ ಗಾಡಿ ಹಾಗೆ, ಚುಕ್ಕಾಣಿಯನ್ನು ಹಗ್ಗದಿಂದ ಕಟ್ಟಿಟ್ಟು ಚಹಾ ಕಾಸಿಕೊಂಡು ಬರಬಹುದು, ಮುಖ ಅಲ್ಲೇ ಇರುತ್ತದೆ. ಹುಡುಗನ ಬೋಟಿನಲ್ಲಿ ಆಟೋಪೈಲಟ್ ಕೆಟ್ಟರೆ ಒಬ್ಬರು ಚುಕ್ಕಾಣಿ ಬಿಟ್ಟು ಏಳುವಂತಿಲ್ಲ. ಅಲೆಯಲ್ಲಿ ಅಜ್ಜಿ ನಿಧಾನಕ್ಕೆ ತೂಗುತ್ತಾಳೆ, ಹುಡುಗ ಜಟಕಾ ಗಾಡಿಯ ಹಾಗೆ ಎತ್ತಿ ಕುಕ್ಕುತ್ತಾನೆ. ಟೆಡ್ ಬ್ರೂವರ್ ಎಂಬ ವಿನ್ಯಾಸಕಾರ ಅರ್ಧ ತಮಾಷೆಗೆ ಮಾಡಿದ ಒಂದು ಆರಾಮದ ಲೆಕ್ಕ ಇದೆ, ತೂಕ ಜಾಸ್ತಿ ಮತ್ತು ಅಗಲ ಕಮ್ಮಿ ಇದ್ದಷ್ಟೂ ಅಂಕ ಜಾಸ್ತಿ. ಅಜ್ಜಿಗೆ ಸುಮಾರು 36 ಬರುತ್ತದೆ, ಹುಡುಗನಿಗೆ 22ರ ಹತ್ತಿರ. ತಮಾಷೆಗೆ ಮಾಡಿದ್ದಾದರೂ ವಾಂತಿ ಮಾಡಿಕೊಂಡವರು ಅದನ್ನು ತಮಾಷೆ ಅನ್ನಲ್ಲ. ಇನ್ನೊಂದು ಗುಣ, ಮೀನಿನ ಬಲೆ. ನಮ್ಮ ಕರಾವಳಿಯಲ್ಲಿ ರಾತ್ರಿ ಹೊತ್ತು ದೀಪವಿಲ್ಲದ ಬಲೆಗಳ ಮೇಲೆ ಹಾಯುವುದು ತೀರಾ ಮಾಮೂಲು. ಉದ್ದ ಕೀಲ್ ಬಲೆಯ ಮೇಲೆ ಜಾರಿಕೊಂಡು ಹೋಗುತ್ತದೆ. ಒಂಟಿ ತೂಗಿಬಿದ್ದ ಸ್ಪೇಡ್ ಚುಕ್ಕಾಣಿ ಕೊಕ್ಕೆಯ ಹಾಗೆ ಹಿಡಿದುಕೊಳ್ಳುತ್ತದೆ. ಆಮೇಲೆ ನೀವು ಚಾಕು ಕಚ್ಚಿಕೊಂಡು ಕತ್ತಲಲ್ಲಿ ನೀರಿಗಿಳಿಯಬೇಕು.

ಅಜ್ಜಿಯ ಅವಗುಣ ಬಂದರಿನಲ್ಲಿ ಗೊತ್ತಾಗುತ್ತದೆ. ರಿವರ್ಸ್ ಹಾಕಿದರೆ ಯಾವ ಕಡೆ ಹೋಗುತ್ತಾಳೋ ಅವಳಿಗೇ ಗೊತ್ತಿರಲ್ಲ. ಪಿಬಿ ರೋಡಿನಲ್ಲಿ ಜೋಡಿ ಟ್ರೇಲರ್ ಟ್ರ್ಯಾಕ್ಟರ್ ಹಿಂದಕ್ಕೆ ತಗೊಂಡವರಿಗೆ ಈ ಸಂಕಟ ಅರ್ಥವಾದೀತು. ಹುಡುಗನನ್ನು ಅವನ ಉದ್ದದಷ್ಟೇ ಜಾಗದಲ್ಲಿ ತಿರುಗಿಸಬಹುದು.

ಮಗುಚುವ ಮಾತು

ಅಕ್ಕ ಕೇಳಿದ ಮೊದಲ ಪ್ರಶ್ನೆ, "ಬಿದ್ದು ಹೋದರೆ ಏಳುತ್ತಾ ಅದು?" ಭಾವ ಎಂಬತ್ತು ಫೋಟೊ ತೆಗೆದರೂ ಈ ಪ್ರಶ್ನೆ ಕೇಳಿರಲಿಲ್ಲ.

ತಂಜಾವೂರು ಗೊಂಬೆಯ ಬುಡದಲ್ಲಿ ಭಾರ ಇರುತ್ತದಲ್ಲ, ಒಂಟಿ ಒಡಲಿನ ಬೋಟು ಹಾಗೇ. ಕೀಲಿನಲ್ಲಿ ಸೀಸವೋ ಎರಕದ ಕಬ್ಬಿಣವೋ ತುಂಬಿರುತ್ತಾರೆ, ಒಟ್ಟು ತೂಕದ ಮೂರನೇ ಒಂದರಿಂದ ಐದನೇ ಎರಡರಷ್ಟು. ಗಾಳಿ ಒತ್ತಿದರೆ ವಾಲುತ್ತದೆ, ವಾಲಿದಷ್ಟೂ ಕೆಳಗಿನ ಭಾರ ಎಳೆದು ನಿಲ್ಲಿಸುತ್ತದೆ. ಒಳ್ಳೆ ಸಾಗರದ ಬೋಟು 120 ಡಿಗ್ರಿಗಿಂತ ಜಾಸ್ತಿ, ಅಂದರೆ ಹಾಯಿಕಂಬ ನೀರಿಗೆ ಬಡಿದು ಇನ್ನೂ ಕೆಳಕ್ಕೆ ಹೋದರೂ ಎದ್ದು ಬರುತ್ತದೆ. ಕ್ಯಾಟಮರಾನ್‌ಗೆ ಈ ಭಾರ ಇಲ್ಲ. ಅದು ನಿಲ್ಲುವುದು ಅಗಲದಿಂದ, ಹೊರಸು ನಿಂತ ಹಾಗೆ. ಹೊರಸನ್ನು ಸುಲಭಕ್ಕೆ ಬೀಳಿಸಲಾಗದು, ನಿಜ. ಆದರೆ ಒಮ್ಮೆ ತಲೆಕೆಳಗಾದರೆ ಅದು ತಲೆಕೆಳಗಾಗಿಯೂ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ. ಸಮಾಧಾನ ಏನೆಂದರೆ ಸೀಸ ಇಲ್ಲದ್ದರಿಂದ ಸಾಮಾನ್ಯವಾಗಿ ಮುಳುಗಲ್ಲ.

1979ರ ಆಗಸ್ಟ್‌ನಲ್ಲಿ ಇಂಗ್ಲೆಂಡ್ ಮತ್ತು ಐರ್ಲೆಂಡ್ ನಡುವಿನ ಫಾಸ್ಟ್‌ನೆಟ್ ರೇಸ್ ಚಂಡಮಾರುತಕ್ಕೆ ಸಿಕ್ಕಿ 15 ನಾವಿಕರು ಸತ್ತರು. ಹೊರಟ ಮುನ್ನೂರಕ್ಕೂ ಹೆಚ್ಚು ಬೋಟುಗಳಲ್ಲಿ ಮುಗಿಸಿದ್ದು 86. ಅದರ ನಂತರ ಅಮೆರಿಕದವರು ಒಂದು ಸುಲಭದ ಜರಡಿ ಲೆಕ್ಕ ಮಾಡಿದರು. ಬೋಟಿನ ತೂಕವನ್ನು ಪೌಂಡಿನಲ್ಲಿ ಹಿಡಿದು 64ರಿಂದ ಭಾಗಿಸಿ ಅದರ ಘನಮೂಲ ತೆಗೆಯಿರಿ. ಅಗಲವನ್ನು ಅದರಿಂದ ಭಾಗಿಸಿ. 2ಕ್ಕಿಂತ ಕಮ್ಮಿ ಬಂದರೆ ದೂರದ ಸಾಗರಕ್ಕೆ ನಡೆದೀತು, 2 ದಾಟಿದರೆ ಎಚ್ಚರ. ಅಜ್ಜಿಗೆ 1.72. ಹುಡುಗನಿಗೆ 2.04. ಕ್ಯಾಟಮರಾನ್‌ಗೆ ಈ ಲೆಕ್ಕವೇ ಅನ್ವಯಿಸಲ್ಲ. ಈ ಲೆಕ್ಕದಲ್ಲಿ ಒಂದು ದೊಡ್ಡ ತೂತಿದೆ, ಅದನ್ನೂ ಹೇಳಿಬಿಡುತ್ತೇನೆ: ಭಾರ ಎಲ್ಲಿದೆ ಅನ್ನುವುದನ್ನು ಇದು ಕೇಳುವುದೇ ಇಲ್ಲ. ಎರಡು ಟನ್ ಸೀಸ ಎರಡು ಮೀಟರ್ ಆಳದ ಕೀಲಿನ ತುದಿಯಲ್ಲಿದ್ದರೂ ಒಂದೇ, ಹಾಯಿಕಂಬದ ತುದಿಗೆ ಕಟ್ಟಿದ್ದರೂ ಉತ್ತರ ಒಂದೇ! ಹಾಗಾಗಿ 2.04 ನೋಡಿ ಗಾಬರಿ ಬೇಡ. ಕರಾವಳಿ ಹಿಡಿದು ಹೋಗುವವರಿಗೆ ಅಡ್ಡಿಯಿಲ್ಲ.

ಗಟ್ಟಿ ಬೋಟೇ ಎಲ್ಲವನ್ನೂ ಕಾಯುತ್ತದೆ ಅಂತಲೂ ಅಂದುಕೊಳ್ಳಬೇಡಿ. 2018ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಅಭಿಲಾಷ್ ಟೋಮಿ ಇದ್ದದ್ದು ತುರಿಯಾ ಬೋಟಿನಲ್ಲಿ. ಅದು ಸುಹೈಲಿಯದ್ದೇ ಪ್ರತಿರೂಪ, ಗೋವಾದಲ್ಲಿ ಕಟ್ಟಿದ್ದು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅದು ಉರುಳಿ ಕಂಬ ಮುರಿದುಕೊಂಡಿತು, ಅವರ ಬೆನ್ನುಮೂಳೆಗೆ ಏಟು ಬಿತ್ತು. ಬೋಟು ತೇಲುತ್ತಲೇ ಇತ್ತು. ಮೂರು ದಿನಕ್ಕೆ ಫ್ರಾನ್ಸಿನ ಹಡಗು ಬಂದು ಅವರನ್ನು ಎತ್ತಿಕೊಂಡಿತು.

ಆಳ, ಅಳಿವೆ ಮತ್ತು ನನ್ನ ಆರು ತಾಸು

ಈ ವಿಷಯ ಬ್ರೋಷರ್‌ನಲ್ಲಿ ಒಂದೇ ಸಾಲು ಇರುತ್ತದೆ. ನಮ್ಮ ಕಡೆಗೆ ಇದೇ ಎಲ್ಲಕ್ಕಿಂತ ದೊಡ್ಡದು. ಬೋಟಿಗೆ ಎಷ್ಟು ಆಳದ ನೀರು ಬೇಕು? ಅಜ್ಜಿಗೆ 5.5 ಅಡಿ, ಹುಡುಗನಿಗೆ 6.5 ಅಡಿ, ಕ್ಯಾಟಮರಾನ್‌ಗೆ 3.5 ಅಡಿ.

ಕರ್ನಾಟಕದ ಕರಾವಳಿಯ ನದಿಗಳು ಸಮುದ್ರ ಸೇರುವ ಅಳಿವೆಗಳಲ್ಲಿ ಮರಳು ತುಂಬಿಕೊಂಡಿರುತ್ತದೆ. ಮಳೆಗಾಲ ಮುಗಿದ ಮೇಲೆ ಆ ಮರಳದಿಬ್ಬ ಹೋದ ವರ್ಷ ಇದ್ದಲ್ಲೇ ಇರುತ್ತದೆ ಅಂತಿಲ್ಲ. ನಕ್ಷೆಯಲ್ಲಿ ಒಂದು ತೋರಿಸುತ್ತದೆ, ಕೆಳಗೆ ಇನ್ನೊಂದು ಇರುತ್ತದೆ. ನನ್ನ ಎರಡನೇ ಸೀಸನ್‌ನಲ್ಲಿ ಎರಡು ಮೀಟರ್ ಆಳದ ಫಿನ್ ಕೀಲ್ ಬೋಟೊಂದನ್ನು ಅಳಿವೆಯೊಳಗೆ ತರುತ್ತಿದ್ದೆವು. ಇಳಿತ ಶುರುವಾಗಿತ್ತು. ಕಾಯೋಣ ಅಂದೆ, ಮಾಲೀಕರು ಕೇಳಲಿಲ್ಲ, ಸಂಜೆ ಪಾರ್ಟಿ ಇತ್ತು. ಧಡ್ ಅಂತ ಕೂತಿತು. ಉದ್ದ ಕೀಲಿನದ್ದಾಗಿದ್ದರೆ ಅಷ್ಟುದ್ದಕ್ಕೂ ಭಾರ ಹಂಚಿಕೊಂಡು ಮರಳಲ್ಲಿ ಮೆಲ್ಲಗೆ ಕೂರುತ್ತಿತ್ತು, ವಾಲುವುದು ಮಾತ್ರ ತಪ್ಪುತ್ತಿರಲಿಲ್ಲ. ಇದು ಒಂದೇ ಕಾಲಲ್ಲಿ ನಿಂತ ಕೊಕ್ಕರೆ. ನೀರು ಇಳಿದ ಹಾಗೆ ಒಂದು ಮಗ್ಗುಲಿಗೆ ವಾಲಿತು, ಅಲೆ ಬಂದಾಗಲೆಲ್ಲ ಎತ್ತಿ ಎತ್ತಿ ಕುಕ್ಕಿತು. ಆರು ತಾಸು ನಾವು ನಾಲ್ಕು ಜನ ಗೋಡೆಯ ಮೇಲೆ ಕೂತು, ಪ್ರತಿ ಕುಕ್ಕಿಗೂ ಕೀಲನ್ನು ತಳಕ್ಕೆ ಹಿಡಿದಿಟ್ಟ ಬೋಲ್ಟುಗಳ ಬಗ್ಗೆಯೇ ಯೋಚಿಸುತ್ತಾ ಇದ್ದೆವು. ಮತ್ತೆ ಉಬ್ಬರ ಬಂದಾಗ ರಾತ್ರಿ ಹನ್ನೊಂದು. ಆ ಪಾರ್ಟಿ ಕೇಕನ್ನು ಮರುದಿನ ಬೆಳಿಗ್ಗೆ ತಿಂದೆವು.

ಇಂಗ್ಲೆಂಡ್ ಕಡೆ ಇದಕ್ಕೆಂದೇ ಎರಡು ಗಿಡ್ಡ ಕೀಲಿನ ಬೋಟು ಮಾಡುತ್ತಾರೆ, ನೀರಿಳಿದರೆ ಎರಡು ಕಾಲಲ್ಲಿ ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಎಷ್ಟೋ ಮೀಟರ್. ನಮ್ಮಲ್ಲಿ ಎರಡು ಮೀಟರಿನ ಆಸುಪಾಸು. ಅದಕ್ಕೋಸ್ಕರ ವೇಗ ಕಳೆದುಕೊಳ್ಳುವುದು ನನಗೆ ಸರಿ ಕಾಣಲ್ಲ.

ಲಕ್ಷದ್ವೀಪ ಬಂದರೆ ಕ್ಯಾಟಮರಾನ್ ನಗುತ್ತದೆ. ಹವಳದ ದಿಬ್ಬದೊಳಗಿನ ಆಳವಿಲ್ಲದ ಸರೋವರಕ್ಕೆ ಸಲೀಸಾಗಿ ನುಗ್ಗಿ ಲಂಗರು ಹಾಕಬಹುದು, ರಾತ್ರಿ ಅಲ್ಲಾಡದೆ ನಿದ್ದೆ ಮಾಡಬಹುದು. ಗಾಳಿ ಪಕ್ಕದಿಂದಲೋ ಹಿಂದಿನಿಂದಲೋ ಇದ್ದರೆ ಹುಡುಗನನ್ನೂ ಹಿಂದೆ ಹಾಕುತ್ತದೆ, ಒಡಲು ತೆಳ್ಳಗಿರುವುದರಿಂದ ಆ ಅಲೆಗುಂಡಿಯ ಮಿತಿ ಅದಕ್ಕೆ ಅಷ್ಟಾಗಿ ಇಲ್ಲ. ಅಕ್ಕನಿಗೆ ಅದೇ ಇಷ್ಟ. ವಾಲಲ್ಲ, ಒಗ್ಗರಣೆ ಹಾಕುವಾಗ ಎಣ್ಣೆ ಮೈಮೇಲೆ ಬರಲ್ಲ, ಕಿಟಕಿಯಿಂದ ಸಮುದ್ರ ಕಾಣುತ್ತದೆ. ಒಂಟಿ ಒಡಲಿನ ಬೋಟು 20 ಡಿಗ್ರಿ ವಾಲಿಕೊಂಡು ಹೋಗುವಾಗ ಒಲೆ ತೂಗುಯ್ಯಾಲೆಯಲ್ಲಿ ನೇತಾಡುತ್ತಿರುತ್ತದೆ, ಅಡುಗೆ ಮಾಡುವವರನ್ನು ಸೊಂಟಕ್ಕೆ ಪಟ್ಟಿ ಹಾಕಿ ಕಟ್ಟಿರುತ್ತಾರೆ. ಇದನ್ನು ಹೇಳಿದ್ದಕ್ಕೆ ಅಕ್ಕ, "ಹಾಗಾದರೆ ನಿಮ್ಮ ಭಾವನೇ ಅಡುಗೆ ಮಾಡಲಿ ಬಿಡು" ಅಂದಳು.

ಆದರೆ ನಾನು ಕ್ಯಾಟಮರಾನ್‌ಗೆ ಹೂಂ ಅನ್ನಲಿಲ್ಲ. ಎದುರುಗಾಳಿಯಲ್ಲಿ ಅದು ಚೆನ್ನಾಗಿ ಏರಲ್ಲ, ಗಿಡ್ಡ ಕೀಲುಗಳಿಗೆ ಹಿಡಿತ ಸಾಲದು. ಸಣ್ಣ ಚೂಪು ಅಲೆಗೆ ಎರಡು ಒಡಲ ನಡುವಿನ ನೆಲಕ್ಕೆ ನೀರು ಕೆಳಗಿನಿಂದ ಧಬಧಬ ಬಡಿಯುತ್ತದೆ. ಸಾಮಾನು ತುಂಬಿದರೆ ಅದರ ಚುರುಕೆಲ್ಲ ಹೋಗುತ್ತದೆ. ನಮ್ಮವರು ಎರಡು ದಿನದ ಪ್ರವಾಸಕ್ಕೂ ಒಂದು ಮೂಟೆ ಮಂಡಕ್ಕಿ ಹೊರುವ ಜನ (ಮಂಡಕ್ಕಿ ಹಗುರ, ಒಪ್ಪುತ್ತೇನೆ). ಎಲ್ಲಕ್ಕಿಂತ ಮುಖ್ಯವಾಗಿ ಗಾಳಿ ಜಾಸ್ತಿಯಾದಾಗ ಒಂಟಿ ಒಡಲು ವಾಲಿ ನಿಮಗೆ ಮೊದಲೇ ಸುದ್ದಿ ಕೊಡುತ್ತದೆ. ಕ್ಯಾಟಮರಾನ್ ಸುದ್ದಿ ಕೊಡಲ್ಲ. ಗಾಳಿಮಾಪಕದ ಅಂಕಿ ನೋಡಿ ನೀವೇ ಹಾಯಿ ಕಿರಿದು ಮಾಡಬೇಕು. ಹೊಸಬರಿಗೆ ಅದು ಅಪಾಯ. ಮಳೆಗಾಲದಲ್ಲಿ ದಡಕ್ಕೆ ಎತ್ತಿಡಲು 21 ಅಡಿ ಅಗಲದ್ದನ್ನು ಎತ್ತುವ ಯಾರ್ಡ್ ಹುಡುಕಬೇಕು, ಎರಡು ಇಂಜಿನ್ ಸಾಕಬೇಕು. ವರ್ಷದ ಖರ್ಚು ಬೋಟಿನ ಬೆಲೆಯ ಹತ್ತನೇ ಒಂದು ಭಾಗ ಅಂತ ಒಂದು ಮಾತಿದೆ, ಇಲ್ಲಿ ಬೆಲೆಯೇ ಜಾಸ್ತಿ.

ಹಾಯಿಕಂಬ ಒಂದೋ ಎರಡೋ ಅನ್ನುವುದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಂಬ, ಮುಂದೊಂದು ಹಾಯಿ ಹಿಂದೊಂದು ಹಾಯಿ ಇದ್ದರೆ ಸ್ಲೂಪ್, ಮುಂದೆ ಎರಡಿದ್ದರೆ ಕಟ್ಟರ್, ಹಿಂದೆ ಇನ್ನೊಂದು ಗಿಡ್ಡ ಕಂಬ ಇದ್ದರೆ ಕೆಚ್. ಕೆಚ್‌ನಲ್ಲಿ ಒಂದೊಂದು ಹಾಯಿಯೂ ಚಿಕ್ಕದು, ವಯಸ್ಸಾದವರ ಕೈಗೆ ಸುಲಭ. ಆದರೆ ಹಗ್ಗ, ತಂತಿ, ರಿಪೇರಿ ಎಲ್ಲ ಜಾಸ್ತಿ. 40 ಅಡಿಯೊಳಗಿನ ಬೋಟಿಗೆ ಸ್ಲೂಪ್ ಸಾಕು. ನೆನಪಿಡಬೇಕಾದ್ದು ಒಂದೇ, ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ನಾನು ನೋಡಿಕೊಳ್ಳುತ್ತಿದ್ದ ಗಾಳಿಯಂತ್ರಗಳಲ್ಲಿ ಗಾಳಿ ಮಿತಿ ಮೀರಿದರೆ ರೆಕ್ಕೆಗಳು ತಾವೇ ತಿರುಗಿ ಗಾಳಿಯನ್ನು ಬಿಟ್ಟುಕೊಡುತ್ತಿದ್ದವು. ಬೋಟಿನಲ್ಲಿ ಆ ಕೆಲಸ ನಿಮ್ಮದು. ಹಾಯಿ ಕಿರಿದು ಮಾಡಬೇಕಾ ಅನ್ನುವ ಯೋಚನೆ ಬಂದ ಕ್ಷಣವೇ ಮಾಡಿಬಿಡಿ, ಐದು ನಿಮಿಷ ಬಿಟ್ಟು ಕೈಲಾಗಲ್ಲ.

ಕಟ್ಟಿದ ವಸ್ತುವಿನ ಬಗ್ಗೆ ಬೇಗ ಹೇಳುತ್ತೇನೆ. ನಮ್ಮಂಥವರಿಗೆ ಫೈಬರ್‌ಗ್ಲಾಸ್. ಮರ ಚಂದ, ಆದರೆ ಬಿಸಿ ಸಮುದ್ರದಲ್ಲಿ ಮರ ಕೊರೆಯುವ ಹುಳು ಬಿಡಲ್ಲ. ಉಕ್ಕು ಗಟ್ಟಿ, ತುಕ್ಕು ಅದಕ್ಕಿಂತ ಗಟ್ಟಿ. ಫೈಬರ್‌ನಲ್ಲೂ ತಳಕ್ಕೆ ನೀರು ಹೀರಿ ಬೊಬ್ಬೆ ಏಳುತ್ತವೆ, ಸಣ್ಣ ಬೊಬ್ಬೆಗೆ ಹೆದರಬೇಡಿ, ಬೆಲೆ ಇಳಿಸಲು ಬಳಸಿಕೊಳ್ಳಿ.

ಒಳಗಿನ ಸೋಫಾ ಬಗ್ಗೆ ಒಂದೇ ಮಾತು, ಹುಡುಗನ ಒಳಾಂಗಣ ಕಲ್ಯಾಣಮಂಟಪದ ಹಾಗೆ ವಿಶಾಲ ಇದೆ ಅಂತ ಭಾವನಿಗೆ ಖುಷಿ. ಸಮುದ್ರದಲ್ಲಿ ವಿಶಾಲ ಅಂದರೆ ಬಿದ್ದರೆ ಹಿಡಿದುಕೊಳ್ಳಲು ಏನೂ ಇಲ್ಲ ಅಂತ ಅರ್ಥ. ಕೈಗೆಟುಕುವಲ್ಲಿ ಹಿಡಿಕೆ ಇವೆಯಾ, ಮಲಗಿದವರು ಉರುಳದ ಹಾಗೆ ಬಟ್ಟೆಯ ತಡೆ ಇದೆಯಾ, ಗಾಳಿ ಆಡುವ ಕಿಟಕಿ ಎಷ್ಟಿವೆ ನೋಡಿ. ಚಳಿದೇಶಕ್ಕೆ ಮಾಡಿದ ಬೋಟಿನೊಳಗೆ ಏಪ್ರಿಲ್‌ನ ಕಾರವಾರದಲ್ಲಿ ಕೂತರೆ ಬೆಂದ ಇಡ್ಲಿ ಆಗುತ್ತೀರಿ.

ಇನ್ನೊಬ್ಬ ಪಾಲುದಾರರು ಹಿರಿಯೂರಿನವರು. ವಾಣಿವಿಲಾಸ ಸಾಗರ 2022ರಲ್ಲಿ 89 ವರ್ಷದ ನಂತರ ಕೋಡಿ ಬಿದ್ದದ್ದನ್ನು ಕಣ್ಣಾರೆ ಕಂಡ ಉತ್ಸಾಹದಲ್ಲಿ, ಬೋಟನ್ನು ಲಾರಿಯಲ್ಲಿ ತಂದು ಅಲ್ಲೇ ಇಟ್ಟುಕೊಳ್ಳೋಣ ಅಂದರು. ಆರು ಟನ್ ಬೋಟು, ಕೀಲ್ ಸೇರಿ ಲಾರಿ ಮೇಲೆ ಅದರ ಎತ್ತರ, ಇಳಿಸಲು ಕ್ರೇನು, ಹತ್ತಾರು ಪರವಾನಗಿ. ಬೇಡ ಸಾರ್. ಕಲಿಯುವುದಕ್ಕೆ ಸಣ್ಣ ಡಿಂಗಿ, ಅಂದರೆ ಒಬ್ಬಿಬ್ಬರು ಕೂರುವ ಪುಟ್ಟ ಹಾಯಿದೋಣಿ, ಸಾಕು, ಅದನ್ನೂ ಗೋವಾದಲ್ಲಿ ಕಲಿಸುವವರಿದ್ದಾರೆ.

ನನ್ನ ತೀರ್ಪು ಹೀಗಿದೆ. ಮೂರರಲ್ಲಿ ಒಂದೇ ಅಂದರೆ ಹುಡುಗ, ಅಂದರೆ ಫಿನ್ ಕೀಲಿನದ್ದು, ಉಬ್ಬರ ನೋಡದೆ ಯಾವ ಅಳಿವೆಗೂ ನುಗ್ಗಲ್ಲ ಅಂತ ಮೂವರೂ ಮಾತು ಕೊಟ್ಟರೆ ಮಾತ್ರ. ನನ್ನ ದುಡ್ಡಾಗಿದ್ದರೆ ನಾಲ್ಕನೆಯದೊಂದನ್ನು ಹುಡುಕುತ್ತಿದ್ದೆ. ತೂಕ ಉದ್ದದ ಅನುಪಾತ 250ರ ಹತ್ತಿರ, ಕೀಲ್ ಫಿನ್ ಆದರೂ ಸ್ವಲ್ಪ ಅಗಲದ ಬುಡ, ಆಳ 5 ಅಡಿ ಚಿಲ್ಲರೆ, ಚುಕ್ಕಾಣಿಯ ಮುಂದೆ ಅದನ್ನು ಕಾಯುವ ಸ್ಕೆಗ್ ಎಂಬ ಗಟ್ಟಿ ಆಸರೆ. ಇಂಥ ನಡುದಾರಿಯ ಬೋಟುಗಳು ಎಪ್ಪತ್ತು ಎಂಬತ್ತರ ದಶಕದಲ್ಲಿ ಬೇಕಾದಷ್ಟು ತಯಾರಾದವು. ಫೋಟೊದಲ್ಲಿ ಮಂಕಾಗಿ ಕಾಣುತ್ತವೆ, ಅದಕ್ಕೇ ಬೆಲೆಯೂ ಕಮ್ಮಿ.

ಮುಂದಿನ ಭಾನುವಾರ ಮೂವರೂ ಮತ್ತೆ ಹೋಗುತ್ತಿದ್ದಾರೆ. ಭಾವ, ಇದು ನಿಮಗೇ. ಬೆಳಿಗ್ಗೆ ಎಂಟಕ್ಕೇ ಹೊರಡಿಸಿ, ಆ ತೆಳು ಗಾಳಿಯಲ್ಲಿ ಇಂಜಿನ್ ಆಫ್ ಮಾಡಿಸಿ ಎಷ್ಟು ನಾಟ್ ಬರುತ್ತದೆ ನೋಡಿ. ಮಧ್ಯಾಹ್ನ ಮೂರಕ್ಕೆ ಗಾಳಿ ಎದ್ದ ಮೇಲೆ ಚುಕ್ಕಾಣಿಯಿಂದ ಕೈ ತೆಗೆದು ಹತ್ತು ಎಣಿಸಿ. ಬೋಟು ನಿಧಾನಕ್ಕೆ ಗಾಳಿಯ ಕಡೆ ಮುಖ ತಿರುಗಿಸಿದರೆ ಒಳ್ಳೆಯದು, ಕೂಡಲೇ ಹುಚ್ಚುಕುದುರೆ ಹಾಗೆ ತಿರುಗಿದರೆ ಹಾಯಿಯೋ ಕಂಬವೋ ಎಲ್ಲೋ ಸರಿ ಇಲ್ಲ, ಗಾಳಿಗೆ ಬೆನ್ನು ಹಾಕಿ ಓಡಿದರೆ ಬೇಡವೇ ಬೇಡ. ದಡಕ್ಕೆ ಎತ್ತಿಸಿ ನೋಡದೆ ದುಡ್ಡಿನ ಮಾತು ಬೇಡ. ಒಂದು ಸಣ್ಣ ಮರದ ಸುತ್ತಿಗೆ ಹಿಡಿದು ತಳವನ್ನೆಲ್ಲ ಮೆಲ್ಲಗೆ ತಟ್ಟುತ್ತಾ ಹೋಗಿ, ಟಣ್ ಅನ್ನುವ ಕಡೆ ಗಟ್ಟಿ, ಡಬ್ ಅನ್ನುವ ಕಡೆ ಒಳಗೆ ಬಿಟ್ಟುಕೊಂಡಿದೆ. ಕೊನೆಗೆ ನೆಲದ ಹಲಗೆ ಎತ್ತಿಸಿ ಟಾರ್ಚ್ ಬಿಟ್ಟು ಕೀಲಿನ ಬೋಲ್ಟುಗಳನ್ನು ನೋಡಿ. ಬುಡದಲ್ಲಿ ಕೆಂಪು ನೀರು ಇಳಿದ ಕಲೆ ಕಂಡರೆ ಅಡ್ವಾನ್ಸ್ ಕೊಡಬೇಡಿ, ಅಲ್ಲಿಂದಲೇ ನನಗೆ ಫೋನ್ ಮಾಡಿ. ಫೋಟೊ ತೆಗೆಯುವುದಾದರೆ ಅದರದ್ದು ತೆಗೆಯಿರಿ.